ಮೊದಲು ಬೋಟು, ಆಮೇಲೆ ಮನೆ

ಪ್ರಶ್ನೆ: ನಮಸ್ಕಾರ ಸರ್, ಕ್ರಿಸ್‌ಮಸ್ ರಜೆಗೆ ಅಂಡಮಾನ್ ಹೋಗೋಣ ಅಂತ ಮನೇಲಿ ತೀರ್ಮಾನ ಆಗಿದೆ. ನಾನು, ನಮ್ಮನೆಯವ್ರು, ಇಬ್ರು ಮಕ್ಕಳು, ಅತ್ತೆ, ಮಾವ, ಒಟ್ಟು ಆರು ಜನ. ಹೋಟ್ಲಲ್ಲಿ ಮೂರು ರೂಮ್ ತಗೊಳೋ ಬದ್ಲು ಹ್ಯಾವ್‌ಲಾಕ್‌ನಲ್ಲಿ ಅಡುಗೆಮನೆ ಇರೋ ಒಂದಿಡೀ ಕಾಟೇಜ್ ನೋಡಿದೀವಿ, ಐದು ರಾತ್ರಿಗೆ. ಅದಿರೋದು ವಿಜಯನಗರ ಬೀಚಂತೆ, ನಾವಿರೋದೂ ವಿಜಯನಗರಾನೇ ಅಲ್ವಾ, ಮಕ್ಕಳು ಅದೇ ಬೇಕು ಅಂತ ಹಠ ಹಿಡಿದಿದಾರೆ. ಗೇಟ್ ತೆಗೆದ್ರೆ ಸಮುದ್ರ, ಬಾಲ್ಕನಿಯಿಂದ ಸನ್‌ಸೆಟ್ ಅಂತ ಫೋಟೋ ಹಾಕಿದಾರೆ. ಅತ್ತೆ ಮೀನು ಮಾಡಿದ ಪಾತ್ರೆಲಿ ಊಟ ಮಾಡಲ್ಲ, ಅದಕ್ಕೇ ಅಡುಗೆಮನೆ ಬೇಕಿತ್ತು. ಪೂರ್ತಿ ದುಡ್ಡು ಇವತ್ತೇ ಯುಪಿಐ ಮಾಡಿ, ಇಲ್ಲಾಂದ್ರೆ ಬೇರೆಯವ್ರಿಗೆ ಕೊಟ್ಬಿಡ್ತೀವಿ ಅಂತಿದಾರೆ. ಹಾಕ್ಬಿಡ್ಲಾ?
– ಗೃಹಿಣಿ, ವಿಜಯನಗರ, ಬೆಂಗಳೂರು

ಉತ್ತರ: ಇವತ್ತು ಬೇಡಮ್ಮ, ಸ್ವಲ್ಪ ತಡೀರಿ. ಮೊದ್ಲು ಆ ಸನ್‌ಸೆಟ್ ವಿಷ್ಯ ನೋಡೋಣ. ಅಲ್ಲಿಯ ವಿಜಯನಗರ ಬೀಚು, ನಂಬರ್ 5 ಅಂತಾನೂ ಕರೀತಾರೆ, ಇರೋದು ದ್ವೀಪದ ಪೂರ್ವಕ್ಕೆ. ಅಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತ್ರೆ ಸೂರ್ಯ ಹುಟ್ಟೋದು ಕಾಣುತ್ತೆ, ಮುಳುಗೋದು ನಿಮ್ಮ ಬೆನ್ನ ಹಿಂದೆ, ಕಾಡಿನ ಕಡೆ. ನೀರಲ್ಲಿ ಸೂರ್ಯ ಮುಳುಗೋದು ನೋಡ್ಬೇಕಂದ್ರೆ ಪಶ್ಚಿಮಕ್ಕಿರೋ ರಾಧಾನಗರಕ್ಕೆ, ಅಂದ್ರೆ ನಂಬರ್ 7ಕ್ಕೆ, ಹೋಗ್ಬೇಕು. ಸೋ ಆ ಫೋಟೋ ಒಂದೋ ಬೆಳಗಿನದ್ದು, ಯಾರೋ ಗೊತ್ತಿಲ್ದೆ ಸನ್‌ಸೆಟ್ ಅಂತ ಬರ್ದಿದಾರೆ, ಇಲ್ಲಾ ಆ ಮನೇದೇ ಅಲ್ಲ. ಓನರ್‌ಗೆ ವಿಡಿಯೋ ಕಾಲ್ ಮಾಡಿ, ರೂಮ್ ತೋರ್ಸೋದು ಆಮೇಲಾಗ್ಲಿ, ಫೋನ್ ಹಿಡ್ಕೊಂಡು ಗೇಟಿಂದ ನೀರಿನ ತನಕ ನಡೀರಿ ಅನ್ನಿ. ನಿಜವಾಗ್ಲೂ ಮನೆ ಇರೋವ್ರಿಗೆ ಇದು ಐದು ನಿಮಿಷದ ಕೆಲಸ. ಕುಂಟುನೆಪ ಹೇಳಿದ್ರೆ ಬಿಟ್ಬಿಡಿ, ಬೇರೆ ಮನೆ ಸಿಗುತ್ತೆ.

ಆ ವಿಡಿಯೋ ಕಾಲನ್ನ ಇಳಿತದ ಹೊತ್ತಿಗೇ ಮಾಡಿ, ಯಾಕಂದ್ರೆ ಫೋಟೋದಲ್ಲಿ ಯಾವಾಗ್ಲೂ ಉಬ್ಬರದ ನೀರೇ ಇರುತ್ತೆ. ಪೂರ್ವದ ಬೀಚ್‌ಗಳಲ್ಲಿ ಇಳಿತ ಬಂತೂಂದ್ರೆ ನೀರು ದೂರಕ್ಕೆ ಸರಿದು ಬರೀ ಕಲ್ಲು, ಸತ್ತ ಹವಳದ ಚೂರು, ಅಲ್ಲಲ್ಲಿ ಮೊಣಕಾಲುದ್ದ ಗುಂಡಿ ನೀರು, ಅದ್ರಲ್ಲಿ ಪುಟಾಣಿ ಏಡಿಗಳು ಓಡಾಡ್ತಿರ್ತವೆ. ಮಕ್ಕಳು ನೋಡೋಕೆ ಖುಷಿ ಪಡ್ತಾರೆ, ಆದ್ರೆ ಈಜೋಕಾಗಲ್ಲ, ಬರಿಗಾಲಲ್ಲಿ ಇಳಿದ್ರೆ ಅಂಗಾಲು ಕುಯ್ಯುತ್ತೆ, ಮಾವನವ್ರನ್ನಂತೂ ಆ ಕಲ್ಲಿನ ಮೇಲೆ ನಡೆಸ್ಬೇಡಿ. ದಿನಕ್ಕೆ ಎರಡು ಉಬ್ಬರ ಎರಡು ಇಳಿತ, ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತಾ ಇರುತ್ತೆ, ಹುಣ್ಣಿಮೆ ಅಮಾವಾಸ್ಯೆ ಆಸುಪಾಸಲ್ಲಿ ಏರಿಳಿತ ಎರಡೂ ಜೋರು. ಗೋಡೆ ಮೇಲಿರೋ ಕ್ಯಾಲೆಂಡರ್ ತೆಗೆದು ನಿಮ್ಮ ಡೇಟಿಗೆ ಹುಣ್ಣಿಮೆನೋ ಅಮಾವಾಸ್ಯೆನೋ ಹತ್ರ ಇದ್ಯಾ ನೋಡ್ಕೊಳಿ, ಇಳಿತ ಎಷ್ಟೊತ್ತಿಗೆ ಅಂತ ಟೈಡ್ ಚಾರ್ಟ್ ಆ್ಯಪಲ್ಲಿ ಸಿಗುತ್ತೆ. ಈಜಾಟಕ್ಕೆ ಮರಳಿನ ರಾಧಾನಗರಾನೇ ವಾಸಿ, ಅಲ್ಲೂ ಲೈಫ್‌ಗಾರ್ಡ್ ಬೇಡ ಅಂದ ಕಡೆ ಇಳೀಬೇಡಿ.

ಮನೆಗಿಂತ ದೊಡ್ಡ ವಿಷ್ಯ ಬೋಟು. ಬೆಂಗಳೂರಿಂದ ಪೋರ್ಟ್‌ಬ್ಲೇರ್‌ಗೆ ನೇರ ಫ್ಲೈಟಲ್ಲಿ ಎರಡೂವರೆ, ಮೂರು ಗಂಟೆ, ಅಲ್ಲಿಂದ ಹ್ಯಾವ್‌ಲಾಕ್‌ಗೆ ಪ್ರೈವೇಟ್ ಬೋಟಲ್ಲಿ ಒಂದೂವರೆ ಗಂಟೆ ಹತ್ರ, ಸರ್ಕಾರಿ ಬೋಟಾದ್ರೆ ಇನ್ನೂ ಜಾಸ್ತಿ. ಕ್ರಿಸ್‌ಮಸ್ ವಾರದಲ್ಲಿ ಒಂದೇ ಬೋಟಲ್ಲಿ ಆರು ಸೀಟು ಸಿಗೋದೇ ಕಷ್ಟ, ಅದಕ್ಕೇ ಮೊದ್ಲು ಫ್ಲೈಟು, ಅದರ ಟೈಮಿಗೆ ಹೊಂದೋ ಬೋಟು, ಅದಾದ್ಮೇಲೆ ಮನೆ. ಟಿಕೆಟ್ ಸೈಟಲ್ಲಿ ಹ್ಯಾವ್‌ಲಾಕ್ ಅಂತ ಹುಡುಕಿ ಸಿಗಲಿಲ್ಲ ಅಂತ ಗಾಬರಿ ಬೀಳ್ಬೇಡಿ, 2018ರಲ್ಲಿ ಅದಕ್ಕೆ ಸ್ವರಾಜ್ ದ್ವೀಪ್ ಅಂತ ಹೆಸರಿಟ್ರು, 2024ರಲ್ಲಿ ಪೋರ್ಟ್‌ಬ್ಲೇರ್ ಶ್ರೀ ವಿಜಯ ಪುರಂ ಆಯ್ತು. ಬೋಟ್ ಹತ್ತೋ ಮುಂಚೆ ಅತ್ತೆಯವ್ರಿಗೆ ಡಾಕ್ಟರ್‌ನ ಕೇಳಿ ವಾಂತಿ ಮಾತ್ರೆ ಕೊಡಿ.

ಐದು ರಾತ್ರಿನೂ ಹ್ಯಾವ್‌ಲಾಕಲ್ಲೇ ಅಂದಿದೀರಲ್ಲ, ಅದು ಬೇಡ. ನಾಲ್ಕು ಅಲ್ಲಿ, ಕೊನೇ ರಾತ್ರಿ ಪೋರ್ಟ್‌ಬ್ಲೇರಲ್ಲಿ. ಡಿಸೆಂಬರ್ ಅಂದ್ರೆ ಬಂಗಾಳ ಕೊಲ್ಲಿಲಿ ಚಂಡಮಾರುತದ ಕಾಲ ಇನ್ನೂ ಪೂರ್ತಿ ಮುಗಿದಿರಲ್ಲ, ಸಮುದ್ರ ಎದ್ರೆ ಬೋಟ್ ನಿಲ್ಲಿಸ್ಬಿಡ್ತಾರೆ, ನಮ್ಮ ಫ್ಲೈಟ್ ಇದೆ ಅಂತ ಎಷ್ಟು ಗೋಗರೆದ್ರೂ ಬಿಡಲ್ಲ, ಬಿಡಲೂಬಾರ್ದು. 2016ರ ಡಿಸೆಂಬರಲ್ಲಿ ಹಿಂಗೇ ಹವಾಮಾನ ಕೆಟ್ಟು ಹ್ಯಾವ್‌ಲಾಕ್, ಪಕ್ಕದ ನೀಲ್ ದ್ವೀಪ ಎರಡರಲ್ಲೂ ಸೇರಿ ಸಾವಿರಕ್ಕಿಂತ ಜಾಸ್ತಿ ಪ್ರವಾಸಿಗರು ಸಿಕ್ಕಾಕೊಂಡಿದ್ರು, ನೌಕಾಪಡೆ ಹಡಗುಗಳು ಹೋಗಿ ಕರ್ಕೊಂಡು ಬಂದ್ವು. ಪ್ರತಿ ವರ್ಷ ಹಂಗಾಗುತ್ತೆ ಅಂತಲ್ಲ, ಆದ್ರೆ ಒಂದು ದಿನದ ಗ್ಯಾಪ್ ಇಟ್ಕೊಂಡ್ರೆ ನಿದ್ದೆಯಾದ್ರೂ ಬರುತ್ತೆ.

ಹಾಗಾಗಿ ದುಡ್ಡಿನ ಮಾತಲ್ಲಿ ಓನರ್‌ಗೆ ಕೇಳ್ಬೇಕಾದ್ದು ಇಷ್ಟೇ, ಬೋಟ್ ಕ್ಯಾನ್ಸಲ್ ಆಗಿ ನಾವು ಬರೋಕಾಗ್ಲಿಲ್ಲ ಅಂದ್ರೆ ದುಡ್ಡು ವಾಪಸ್ಸಾ, ಡೇಟ್ ಬದಲಾವಣೆನಾ, ಇಲ್ಲಾ ನಾಮವಾ? ಉತ್ತರಾನ ಮೆಸೇಜಲ್ಲಿ ಬರೆಸ್ಕೊಳಿ. ಅರ್ಧಕ್ಕಿಂತ ಜಾಸ್ತಿ ಮುಂಗಡ ಕೊಡ್ಬೇಡಿ, ಇವತ್ತೇ ಹಾಕಿ ಅಂತ ಅವಸರ ಮಾಡೋರಿಗೆ ಅರ್ಧಾನೂ ಬೇಡ. ಕರೆಂಟ್ ಹೋದ್ರೆ ಜನರೇಟರ್‌ನಲ್ಲಿ ಎಸಿ ಓಡುತ್ತಾ, ಬರೀ ಲೈಟ್ ಫ್ಯಾನಾ, ಅದನ್ನೂ ಕೇಳಿ, ಅಲ್ಲಿ ಕರೆಂಟ್ ಹೋಗ್ತಾ ಬರ್ತಾ ಇರುತ್ತೆ.

ಅಡುಗೆಮನೆ ಅಂತ ಬರ್ದಿದ್ರೆ ಒಳಗೇನಿದೆ ಅಂತ ಫೋಟೋ ಕಳಿಸಿ ಅನ್ನಿ, ಎಷ್ಟೋ ಕಡೆ ಅದು ಒಂದು ಕೆಟಲ್ಲು, ನಾಲ್ಕು ಕಪ್ಪು. ಅತ್ತೆಯವ್ರಿಗಂತ ಒಂದು ಸಣ್ಣ ಕುಕ್ಕರು, ಎರಡು ತಟ್ಟೆ ನೀವೇ ಒಯ್ದುಬಿಡಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇದ್ರೆ ರಾತ್ರಿ ಊಟದ ಚಿಂತೆ ಇಲ್ಲ. ಕೊಬ್ಬರಿ ಗಿಟುಕು ಮಾತ್ರ ಬ್ಯಾಗಲ್ಲಿ ಇಡ್ಬೇಡಿ, ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತೋ ಸಾಮಾನಿನ ಲೆಕ್ಕಕ್ಕೆ ಬರುತ್ತೆ ಅಂತ ವಿಮಾನದಲ್ಲಿ ಬಿಡಲ್ಲ. ಗ್ಯಾಸ್ ಕ್ಯಾನೂ ಅಷ್ಟೇ. ತರಕಾರಿ ನಂಬರ್ 3 ಬೀಚ್ ಕಡೆಯ ಬಜಾರಲ್ಲಿ ಸಿಗುತ್ತೆ, ಬೆಂಗಳೂರಿನ ರೇಟ್ ನಿರೀಕ್ಷೆ ಮಾಡ್ಬೇಡಿ. ಇನ್ನೊಂದ್ ಮಾತು, ಕೇಳದೇ ಹೇಳ್ತಿದೀನಿ, ಮೂರು ಹೊತ್ತೂ ನೀವೇ ಸೌಟು ಹಿಡ್ಕೊಂಡು ನಿಂತ್ರೆ ರಜೆ ಯಾರಿಗೆ? ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಹೊರಗೆ ಇಟ್ಕೊಳಿ, ಸಸ್ಯಾಹಾರಿ ಊಟ ಸಿಗುತ್ತೆ.

ಅಲ್ಲಿ ಗಡಿಯಾರ ನಮ್ಮದೇ ಆದ್ರೂ ಸೂರ್ಯ ನಮ್ಮೋನಲ್ಲ. ಡಿಸೆಂಬರಲ್ಲಿ ಐದು ಗಂಟೆಗೆಲ್ಲ ಮುಳುಗ್ತಾನೆ, ಬೆಂಗಳೂರಿಗಿಂತ ಒಂದು ಗಂಟೆ ಹತ್ರ ಮುಂಚೆ, ಸೋ ರಾಧಾನಗರಕ್ಕೆ ಮೂರೂವರೆಗೇ ಆಟೋ ಹತ್ತಿ. ಕಾಫಿ ಕುಡ್ಕೊಂಡು ಹೊರಟ್ರಾಯ್ತು ಅಂದ್ರೆ ಕತ್ತಲೇ ಗತಿ.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ ಸಿಟಿಲಿ ಐಟಿ ಕೆಲಸದಲ್ಲಿದೀನಿ. ಹ್ಯಾವ್‌ಲಾಕಲ್ಲಿ ಎರಡು ವಾರ ರೂಮ್ ಮಾಡಿ ವರ್ಕ್ ಫ್ರಮ್ ಹೋಮ್ ಮಾಡ್ಬಹುದಾ? ಅಲ್ಲಿ ನೆಟ್ಟೇ ಬರಲ್ಲ ಅಂತ ಫ್ರೆಂಡ್ಸ್ ಹೆದರಿಸ್ತಿದಾರೆ.
– ಓದುಗ, ಬೆಂಗಳೂರು

ಉತ್ತರ: ನಿಮ್ಮ ಫ್ರೆಂಡ್ಸ್ ಹೇಳ್ತಿರೋದು ಹಳೇ ಕಥೆ. 2020ರ ಆಗಸ್ಟಲ್ಲಿ ಚೆನ್ನೈಯಿಂದ ಸಮುದ್ರದಡಿ ಎಳೆದ ಕೇಬಲ್ ಶುರುವಾಯ್ತು, ಸುಮಾರು 2,300 ಕಿಲೋಮೀಟರ್, ಅದು ಸ್ವರಾಜ್ ದ್ವೀಪಕ್ಕೂ ಹೋಗಿದೆ. ಅದಕ್ಕೂ ಮುಂಚೆ ಸ್ಯಾಟಲೈಟ್ ನಂಬ್ಕೊಂಡು ಇರ್ಬೇಕಿತ್ತು, ಈಗ ಪರವಾಗಿಲ್ಲ. ಆದ್ರೆ ಕೇಬಲ್ ದ್ವೀಪಕ್ಕೆ ಬಂದ್ರೆ ಸಾಕಾ, ನಿಮ್ಮ ರೂಮಿಗೆ ಬರ್ಬೇಕಲ್ಲ? ರೂಮೊಳಗಿಂದ ಸಂಜೆ ಏಳಕ್ಕೆ ತೆಗೆದ ಸ್ಪೀಡ್ ಟೆಸ್ಟ್ ಸ್ಕ್ರೀನ್‌ಶಾಟ್ ಓನರ್ ಹತ್ರ ಕೇಳಿ, ರೌಟರ್‌ಗೆ ಯುಪಿಎಸ್ ಇದ್ಯಾ ವಿಚಾರಿಸಿ, ಎರಡು ಬೇರೆ ಕಂಪನಿ ಸಿಮ್ ಇಟ್ಕೊಳಿ, ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರ್ಲಿ, ಚೆಕ್‌ಇನ್ ಬ್ಯಾಗಲ್ಲಿ ಹಾಕಂಗಿಲ್ಲ. ಮೊದ್ಲು ಮೂರು ರಾತ್ರಿಗಷ್ಟೇ ಬುಕ್ ಮಾಡಿ, ಮೀಟಿಂಗ್ ಕಟ್ ಆಗದೇ ನಡೆದ್ರೆ ಮಿಕ್ಕಿದ್ದಕ್ಕೆ ಅಲ್ಲೇ ಕೂತು ಮಾತಾಡಿ, ಎರಡು ವಾರ ಇರ್ತೀನಿ ಅಂದ್ರೆ ರೇಟೂ ಇಳಿಸ್ತಾರೆ. ಕ್ರಿಸ್‌ಮಸ್, ಹೊಸ ವರ್ಷದ ವಾರದಲ್ಲಿ ಮಾತ್ರ ಈ ಆಟ ನಡೆಯಲ್ಲ, ಜನವರಿ ಎರಡನೇ ವಾರದ ಮೇಲೆ ಹೋಗಿ.