ಎಎಂಎಚ್ 0.8 ಬಂದಿದೆ, ಕೆಲಸ ಬಿಟ್ಟು ಶಾರ್ಜಾಕ್ಕೆ ಹೋಗಲಾ?

ಪ್ರಶ್ನೆ: ನಾನು ಕಾಸರಗೋಡಿನ ಬದಿಯಡ್ಕ ಹತ್ತಿರದವಳು, ವಯಸ್ಸು 33, ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಮದುವೆಯಾಗಿ ನಾಲ್ಕು ವರ್ಷ. ಗಂಡ ಶಾರ್ಜಾದಲ್ಲಿದ್ದಾರೆ, ವರ್ಷಕ್ಕೊಮ್ಮೆ ಒಂದು ತಿಂಗಳ ರಜೆಯಲ್ಲಿ ಬರುತ್ತಾರೆ. ಮುಟ್ಟು ಸರಿಯಾಗಿಯೇ ಆಗುತ್ತದೆ. ನಾದಿನಿ ಒತ್ತಾಯಕ್ಕೆ ಮಂಗಳೂರಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದೆ. ಅಂಡಾಶಯದಲ್ಲಿ ಮೊಟ್ಟೆ ಎಷ್ಟಿವೆ ಅಂತ ಅಂದಾಜು ಹೇಳುವ ಎಎಂಎಚ್ ಎಂಬ ಹಾರ್ಮೋನ್ 0.8 ಬಂತು. 'ಮೊಟ್ಟೆ ಮುಗೀತಾ ಬಂದಿದೆ, ಈ ವರ್ಷವೇ ಐವಿಎಫ್ (ಪ್ರಣಾಳ ಶಿಶು ಚಿಕಿತ್ಸೆ) ಮಾಡಿಸಿ' ಅಂತ ಅಲ್ಲಿನವರು ಅಂದರು. ಅತ್ತೆ ದೋಷ ನನ್ನದೇ ಅಂತ ನಾಗದೋಷಕ್ಕೆ ಮಾಡಿಸುವ ಆಶ್ಲೇಷ ಬಲಿ ಪೂಜೆಗೆ ದಿನ ನೋಡುತ್ತಿದ್ದಾರೆ. ಗಂಡನಿಗೆ ಏನೂ ಹೇಳಿಲ್ಲ, ರಿಪೋರ್ಟ್ ಬೀರುವಿನಲ್ಲಿ ಸೀರೆಯ ಅಡಿಯಲ್ಲಿದೆ. ಬಂಗಾರ ಅಡವಿಟ್ಟು ಐವಿಎಫ್ ಮಾಡಿಸಲಾ, ಕೆಲಸ ಬಿಟ್ಟು ಅಲ್ಲಿಗೇ ಹೋಗಲಾ?

ಉತ್ತರ: ಮೊದಲು ಗಂಡನಿಗೆ ಹೇಳಿ. ಇವತ್ತೇ. ಇದು ಇಬ್ಬರ ವಿಷಯ, ನೀವೊಬ್ಬರೇ ಹೊತ್ತುಕೊಂಡು ಕೂರಬೇಡಿ.

ಆಮೇಲೆ ಒಂದು ಲೆಕ್ಕ ಹಾಕೋಣ. ಊರಿನವರ ಬಾಯಲ್ಲಿ ನಾಲ್ಕು ವರ್ಷ, ಆದರೆ ನೀವಿಬ್ಬರೂ ಒಟ್ಟಿಗೆ ಇದ್ದದ್ದು ಹೆಚ್ಚೆಂದರೆ ನಾಲ್ಕೈದು ತಿಂಗಳು, ಅಲ್ವಾ? 35ರ ಒಳಗಿನವರು ಒಂದು ವರ್ಷ ಪೂರ್ತಿ ಜೊತೆಗಿದ್ದು ಪ್ರಯತ್ನಪಟ್ಟೂ ಆಗದಿದ್ದರೆ ಮಾತ್ರ ವೈದ್ಯರು ಬಂಜೆತನ ಎಂಬ ಮಾತು ಎತ್ತುತ್ತಾರೆ. ನೀವು ಅದರ ಅರ್ಧಕ್ಕೂ ಬಂದಿಲ್ಲ. ಒಂದು ಮುಟ್ಟಿನಿಂದ ಇನ್ನೊಂದರ ನಡುವೆ ಗರ್ಭ ನಿಲ್ಲಬಹುದಾದದ್ದು ಆರೇ ದಿನ: ಅಂಡಾಣು ಹೊರಬರುವ ದಿನ ಮತ್ತು ಅದರ ಹಿಂದಿನ ಐದು ದಿನ. ಹೊರಬಂದ ಅಂಡಾಣು ಬದುಕುವುದು 12ರಿಂದ 24 ಗಂಟೆ. ವೀರ್ಯಾಣು ಐದು ದಿನದವರೆಗೂ ಇರಬಲ್ಲದು, ಅದಕ್ಕೇ ಹಿಂದಿನ ದಿನಗಳೂ ಲೆಕ್ಕಕ್ಕೆ ಬರುತ್ತವೆ. ಗಲ್ಫಿನಿಂದ ಬಂದವರ ಒಂದು ತಿಂಗಳ ರಜೆ ಹೇಗೆ ಕಳೆಯುತ್ತದೆ ಅಂತ ನಮಗೆಲ್ಲ ಗೊತ್ತು, ನೆಂಟರ ಮನೆ, ಮದುವೆ, ಉಪನಯನ, ಕೋಲ, ನಡುವೆ ಅಡಕೆ ತೋಟದ ಕೆಲಸ, ಅಷ್ಟರಲ್ಲಿ ಆ ಆರು ದಿನ ಯಾವಾಗ ಬಂತು ಯಾವಾಗ ಹೋಯಿತು ಅಂತ ಯಾರೂ ನೋಡಿರುವುದಿಲ್ಲ. ಎಲ್ಲ ಸರಿ ಇರುವ ದಂಪತಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಐದರಲ್ಲಿ ಒಂದರಷ್ಟೇ.

ಈಗ ಆ 0.8. ನೀವು ನಿಮ್ಮ ಅಮ್ಮನ ಹೊಟ್ಟೆಯಲ್ಲಿ ಐದು ತಿಂಗಳ ಶಿಶುವಾಗಿದ್ದಾಗ ನಿಮ್ಮ ಅಂಡಾಶಯದಲ್ಲಿ 60-70 ಲಕ್ಷ ಅಂಡಾಣು ಇದ್ದವು. ಹುಟ್ಟುವಾಗ 10-20 ಲಕ್ಷ, ಮೈನೆರೆಯುವಾಗ 3-4 ಲಕ್ಷ. ಕಡಿಮೆಯಾಗುತ್ತಾ ಹೋಗುವುದು ಎಲ್ಲ ಹೆಣ್ಣುಮಕ್ಕಳಿಗೂ ಇದ್ದದ್ದೇ. ಜೀವಮಾನದಲ್ಲಿ ಹೊರಬರುವುದು ಬರೀ 400-500. ಪ್ರತಿ ಅಂಡಾಣುವೂ ಫಾಲಿಕಲ್ ಎಂಬ ಪುಟ್ಟ ಚೀಲದೊಳಗಿರುತ್ತದೆ. ತಿಂಗಳಿಗೊಂದು ಗುಂಪು ಬೆಳೆಯುತ್ತಾ ಬಂದು, ಕೊನೆಗೆ ಒಂದೇ ಒಂದು 20 ಮಿಲಿಮೀಟರ್ ಆಸುಪಾಸಿಗೆ ಬೆಳೆದು ಒಡೆಯುತ್ತದೆ. ಎಎಂಎಚ್ ಸುರಿಸುವುದು ಅದಕ್ಕೂ ಹಿಂದಿನ ಸಾಲಿನ ಸಣ್ಣ ಫಾಲಿಕಲ್‌ಗಳು. ಸಾಲಿನಲ್ಲಿ ಎಷ್ಟಿವೆ ಅಂತ ಆ ನಂಬರ್ ಅಂದಾಜು ಹೇಳುತ್ತದೆ, ಈ ತಿಂಗಳು ಬರುವ ಆ ಒಂದು ಅಂಡಾಣು ಚೆನ್ನಾಗಿದೆಯಾ ಅಂತ ಹೇಳುವುದಿಲ್ಲ. 2017ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಬಂಜೆತನದ ಹಿನ್ನೆಲೆ ಇಲ್ಲದ, 30ರಿಂದ 44 ವಯಸ್ಸಿನ 750 ಹೆಂಗಸರು. ಎಎಂಎಚ್ 0.7ಕ್ಕಿಂತ ಕಡಿಮೆ ಇದ್ದವರಲ್ಲಿ ಆರು ಋತುಚಕ್ರದೊಳಗೆ ಗರ್ಭ ನಿಲ್ಲುವ ಸಾಧ್ಯತೆ ಶೇ. 65, ಸರಿಯಾಗಿ ಇದ್ದವರಲ್ಲಿ ಶೇ. 62. ಏನು ವ್ಯತ್ಯಾಸ ಹೇಳಿ?

ಅಂಡಾಣುವಿನ ಗುಣ ವಯಸ್ಸಿನ ಮೇಲೆ ನಿಂತಿದೆ. ಅಮ್ಮನ ಹೊಟ್ಟೆಯಲ್ಲೇ ಅರ್ಧ ವಿಭಜನೆಯಾಗಿ ನಿಂತುಬಿಟ್ಟ ಅಂಡಾಣು, ಹೊರಬರುವ ಕೆಲವು ಗಂಟೆ ಮುಂಚೆಯಷ್ಟೇ ಆ ಕೆಲಸ ಮುಂದುವರಿಸುತ್ತದೆ. ಕಾದಷ್ಟೂ ಕ್ರೋಮೋಸೋಮ್ ಹಂಚಿಕೆಯಲ್ಲಿ ತಪ್ಪು ಜಾಸ್ತಿ. 33 ಒಳ್ಳೆಯ ವಯಸ್ಸೇ. ಹಾಗಂತ 0.8 ಏನೂ ಅಲ್ಲ ಅಂತಲೂ ನಾನು ಹೇಳುವುದಿಲ್ಲ. ನಿಮ್ಮ ವಯಸ್ಸಿಗೆ ಅದು ಕಡಿಮೆ, ಮುಂದೆ ಐವಿಎಫ್ ಬೇಕಾದರೆ ಒಂದು ಸಲಕ್ಕೆ ಸಿಗುವ ಮೊಟ್ಟೆಗಳೂ ಕಡಿಮೆಯಾಗಬಹುದು. ಇನ್ನೂ ನಾಲ್ಕು ವರ್ಷ ಹೀಗೇ ತಳ್ಳಬೇಡಿ. ಆದರೆ ಈ ತಿಂಗಳು ಬಂಗಾರ ಬ್ಯಾಂಕಿಗೆ ಒಯ್ಯುವ ಅಗತ್ಯವೂ ಇಲ್ಲ. ಎಎಂಎಚ್ ಏರಿಸುತ್ತೇವೆ ಅನ್ನುವ ಪುಡಿಗೆ ಒಂದು ರೂಪಾಯಿಯೂ ಹಾಕಬೇಡಿ.

ನಿಮ್ಮವರ ವೀರ್ಯ ಪರೀಕ್ಷೆ ಮೊದಲು ಆಗಲಿ. ಶಾರ್ಜಾದಲ್ಲೇ ಮಾಡಿಸಬಹುದು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತದೆ, ಆದರೂ ಸೂಜಿ ಚುಚ್ಚಿಸಿಕೊಂಡದ್ದು ನೀವೊಬ್ಬರೇ. ಇದು ನನಗೆ ನಿಜಕ್ಕೂ ಬೇಸರ ತರಿಸಿತು. ನೀವು ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಸ್ಕ್ಯಾನ್ ಮಾಡಿಸಿ ಫಾಲಿಕಲ್ ಎಣಿಸಿಕೊಳ್ಳಿ, ಥೈರಾಯ್ಡ್ ನೋಡಿಸಿ, ಗರ್ಭನಾಳ ತೆರೆದಿದೆಯಾ ಅಂತ ವೈದ್ಯರನ್ನು ಕೇಳಿ. ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಈಗಲೇ ಶುರುಮಾಡಿ.

ಕೆಲಸ ಬಿಡಬೇಡಿ. ಕನ್ನಡ ಟೀಚರ್ ಕೆಲಸ ನಮ್ಮ ಕಾಸರಗೋಡಿನಲ್ಲಿ ಬಿಟ್ಟರೆ ಮತ್ತೆ ಸಿಗುವಂಥದ್ದಲ್ಲ. ಏಪ್ರಿಲ್, ಮೇ ಶಾಲೆಗೆ ರಜೆ ತಾನೇ? ಆ ಎರಡು ತಿಂಗಳು ವಿಸಿಟ್ ವೀಸಾದಲ್ಲಿ ಅಲ್ಲಿಗೆ ಹೋಗಿ. ಅವರ ರಜೆ ಬೇರೆ ತಿಂಗಳಿಗೆ ಇರಲಿ, ಟಿಕೆಟ್ ಮಾಡುವ ಮುಂಚೆ ನಿಮ್ಮ ಮುಟ್ಟಿನ ದಿನಾಂಕ ನೋಡಲಿ. ವಾಪಸ್ ಹೋಗುವ ಮುಂಚೆ ವೀರ್ಯವನ್ನು ಶೈತ್ಯೀಕರಿಸಿ ಇಟ್ಟು ಹೋಗುವ ಸೌಲಭ್ಯವೂ ಇದೆ, ಅವರಿಲ್ಲದ ತಿಂಗಳಲ್ಲೂ ಚಿಕಿತ್ಸೆಗೆ ಅದು ಆಗುತ್ತದೆ. ಹೀಗೆ ಲೆಕ್ಕ ಹಾಕಿ ಆರು ತಿಂಗಳು ಸಿಕ್ಕಿಯೂ ಆಗಲಿಲ್ಲವಾದರೆ, ಅಥವಾ ಪರೀಕ್ಷೆಗಳಲ್ಲಿ ಬೇರೇನಾದರೂ ಕಂಡರೆ, ಆಗ ಐವಿಎಫ್ ಮಾತಾಡಿ. ತಡಮಾಡದೆ.

ಆಶ್ಲೇಷ ಬಲಿಯಿಂದ ಮನಸ್ಸಿಗೆ ಸಮಾಧಾನ ಅನಿಸಿದರೆ ಕೂತುಕೊಳ್ಳಿ, ಅದಕ್ಕೆ ನನ್ನ ತಕರಾರಿಲ್ಲ. 'ದೋಷ ನಿನ್ನದೇ' ಅನ್ನುವ ಮಾತಿಗೆ ಇದೆ. ಆ ಮಾತು ತಪ್ಪು ಅಂತ ಅತ್ತೆಗೆ ಹೇಳಬೇಕಾದವರು ಅವರ ಮಗ. ಫೋನಿನಲ್ಲಿ ಇದನ್ನೂ ಕೇಳಿ, ವೀಸಾ ವಿಷಯವನ್ನೂ ತೆಗೆಯಿರಿ, ಮಾರ್ಚ್ ಮುಗಿಯುವುದರೊಳಗೆ ಕೈಗೆ ಬರುವ ಹಾಗೆ.