ಬಿಸಿಲಾಗ ನಿಂದ್ರಿಸಬ್ಯಾಡ್ರಿ, ಬಾಗಿಲಾಗ ನಿಂದ್ರಿಸ್ರಿ

(ಫೋಟೊ ತೆಗೆಯುವವರ ಪ್ರಶ್ನೆಗಳಿಗೆ ಬಳ್ಳಾರಿಯ ಹಳೆಯ ಸ್ಟುಡಿಯೊದವರೊಬ್ಬರ ಉತ್ತರ)

ಪ್ರಶ್ನೆ: ನಾಲ್ಕು ವರ್ಷದ ಮಗಳನ್ನು ಆನೆಗೊಂದಿಗೆ ಕರೆದುಕೊಂಡು ಹೋಗಿ ಫೋನಿನಲ್ಲಿ ಎಪ್ಪತ್ತು ಫೋಟೊ ತೆಗೆದೆ. ಹೊತ್ತು ಹನ್ನೊಂದೂವರೆ. ಬಂಡೆ, ಭತ್ತದ ಗದ್ದೆ ಎಲ್ಲ ಚೆನ್ನಾಗಿ ಬಂದಿವೆ. ಮಗಳು ಮಾತ್ರ ಒಂದರಲ್ಲೂ ನೆಟ್ಟಗೆ ಕಣ್ಣು ಬಿಟ್ಟಿಲ್ಲ, ಹುಬ್ಬಿನ ಕೆಳಗೆ ಬರೀ ಕಪ್ಪು. ಫೋನ್ ಸಾಲದು, ಕ್ಯಾಮೆರಾ ತಗೊಳ್ಳೋಣ ಅಂತಾರೆ ಮನೆಯವರು. ಏನು ಮಾಡಲಿ?
– ಒಬ್ಬ ತಾಯಿ, ಗಂಗಾವತಿ

ಉತ್ತರ: ದುಡ್ಡು ಉಳೀತು ಅಂತ ಮನೆಯವರಿಗೆ ಹೇಳ್ರಿ ತಾಯಿ. ಆ ಹೊತ್ತಿನಲ್ಲಿ, ಆ ಜಾಗದಲ್ಲಿ ಲಕ್ಷ ರೂಪಾಯಿ ಕ್ಯಾಮೆರಾ ಇದ್ದರೂ ಅದೇ ಕಪ್ಪು ಬರುತ್ತಿತ್ತು.

‘ಸೂರ್ಯನನ್ನು ಬೆನ್ನಿಗೆ ಹಾಕ್ಕೊಂಡು ತೆಗಿ’ ಅಂತ ಯಾರೋ ಹೇಳಿರಬೇಕು ನಿಮಗೆ. ಅದು ಡಬ್ಬಿ ಕ್ಯಾಮೆರಾ ಕಾಲದ ಮಾತು. ಆಗಿನ ಫಿಲ್ಮಿಗೆ ಬೆಳಕು ಸಾಲುತ್ತಿರಲಿಲ್ಲ. ಬಿಸಿಲು ನಿಮ್ಮ ಬೆನ್ನಿಗಿದ್ದರೆ ಕೂಸಿನ ಕಣ್ಣಿಗೆ ನೇರ ಬೀಳುತ್ತದೆ, ಅದು ಕಣ್ಣು ಕಿರಿದು ಮಾಡದೆ ಏನು ಮಾಡೀತು? ಅದರ ಮೇಲೆ ನಮ್ಮ ಸೀಮೆಯ ಸೂರ್ಯ. ಏಪ್ರಿಲ್ ಕೊನೆ, ಮೇ ಮೊದಲ ವಾರದ ನಡುಹಗಲಲ್ಲಿ ಅವನು ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಹುಬ್ಬು, ಮೂಗು, ತುಟಿಯ ನೆರಳೆಲ್ಲ ಸೀದಾ ಕೆಳಗೆ ಬೀಳುತ್ತದೆ.

ನಾನೂ ಈ ತಪ್ಪು ಮಾಡಿದವನೇ. ಸ್ಟುಡಿಯೊಕ್ಕೆ ಸೇರಿದ ಹೊಸದರಲ್ಲಿ ಹುಲಿಗಿಯಲ್ಲಿ ಒಂದು ಜವಳಕ್ಕೆ ಕಳಿಸಿದ್ದರು. 36 ಫೋಟೊದ ಫಿಲ್ಮ್ ರೋಲು, ಮಟಮಟ ಮಧ್ಯಾಹ್ನ, ಆಗಷ್ಟೇ ಬೋಳಿಸಿದ ತಲೆ. ತೊಳೆದು ನೋಡಿದರೆ ತಲೆ ಬೆಳ್ಳಗೆ ಸುಟ್ಟ ಹಪ್ಪಳ, ಕಣ್ಣಿದ್ದಲ್ಲಿ ಎರಡು ಗುಂಡಿ. ‘ಹೊಳಿ ದಂಡಿಮ್ಯಾಗ ಮರ ಇರಲಿಲ್ಲೇನೋ?’ ಎಂದರು ಮಾಲೀಕರು. ಇತ್ತು. ಗುಡಿ ಕಾಣಲಿ ಅಂತ ಬಿಸಿಲಿಗೆ ನಿಲ್ಲಿಸಿದ್ದೆ.

ಈಗ ನೀವು ಮಾಡಬೇಕಾದ್ದು. ಮೊದಲು ನಿಮ್ಮ ಮುಷ್ಟಿಯನ್ನು ಮುಖದೆದುರು ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿ. ಬೆರಳ ಗೆಣ್ಣುಗಳ ನೆರಳು ಎತ್ತ ತಿರುಗಿದಾಗ ಮೆತ್ತಗಾಗುತ್ತದೋ ಮಗಳನ್ನು ಅತ್ತ, ಮುಖ ನಿಮ್ಮ ಕಡೆ ಮಾಡಿ ನಿಲ್ಲಿಸಿ. ಎಲ್ಲಕ್ಕಿಂತ ಒಳ್ಳೆಯ ಜಾಗ ಹಳೆ ಮನೆಯ ತಲಬಾಗಿಲು. ಹೊಸ್ತಿಲ ಒಳಗೆ ಎರಡು ಹೆಜ್ಜೆ ನಿಲ್ಲಿಸಿ, ಮುಖ ಹೊರಗೆ, ನೀವು ಅಂಗಳದಲ್ಲಿ. ಬಿಸಿಲು ಅಂಗಳದ ನೆಲಕ್ಕೆ ಬಡಿದು ಮೇಲಕ್ಕೆದ್ದು ಕಣ್ಣಿಗೆ ಹೊಳಪು ತರುತ್ತದೆ. ಕೆಮ್ಮಣ್ಣಿನ ಅಂಗಳವಾದರೆ ಗದ್ದದ ಕೆಳಗೆ ತುಸು ಕೆಂಪು ಹತ್ತೀತು. ಒಂದು ಬಿಳಿ ಧೋತ್ರ ಹಾಸಿಬಿಡಿ. ಆನೆಗೊಂದಿಯಲ್ಲೇ ಆಗಬೇಕೆಂದರೆ ದೊಡ್ಡ ಬಂಡೆಯ ನೆರಳು ಹುಡುಕಿ, ಎದುರಿಗೆ ಬಿಸಿಲು ಬಿದ್ದ ಇನ್ನೊಂದು ಬಂಡೆ ಇರುವಂಥದ್ದು. ಆ ಎದುರಿನ ಕಲ್ಲೇ ನಿಮ್ಮ ಲೈಟು. ಬೇವಿನ ಮರದ ಅಡಿ ಮಾತ್ರ ಹುಷಾರು: ಎಲೆ ಸಂದಿಯ ಬಿಸಿಲು ಮುಖದ ತುಂಬ ಚುಕ್ಕಿ ಇಡುತ್ತದೆ.

ನೆರಳೇ ಇಲ್ಲವೆ? ಬೆನ್ನು ಬಿಸಿಲಿಗೆ ಕೊಟ್ಟು ನಿಲ್ಲಿಸಿ. ಕೂದಲ ಅಂಚು ಮಿನುಗುತ್ತದೆ, ಕಣ್ಣು ತಾನಾಗೇ ಬಿಡುತ್ತದೆ. ಬಹಳಷ್ಟು ಫೋನುಗಳ ಪರದೆಯಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ಸು, ಬೆಳಕು ಎರಡೂ ಅಲ್ಲೇ ನಿಲ್ಲುತ್ತವೆ. ಮುಖ ಕಪ್ಪಾದರೆ ಬೆರಳು ಸ್ವಲ್ಪ ಮೇಲಕ್ಕೆ ಎಳೆಯಿರಿ. ಹಿಂದಿನ ಆಕಾಶ ಬಿಳಿಯಾದೀತು, ಆಗಲಿ. ಅಪ್ಪನ ಕೈಗೆ ಅಂಗಡಿಯಲ್ಲಿ ಸಿಗುವ ಥರ್ಮಕೋಲ್ ಹಾಳೆ ಕೊಟ್ಟು, ಬೆಳಕು ಕೂಸಿನ ಮುಖಕ್ಕೆ ತಿರುಗುವಂತೆ ಹಿಡಿಸಿ. ಅವರಿಗೂ ಕೆಲಸ ಸಿಕ್ಕ ಹಾಗಾಯಿತು.

ನೀವು ಕುಕ್ಕರುಗಾಲಲ್ಲಿ ಕೂತು ತೆಗೆಯಿರಿ, ಕ್ಯಾಮೆರಾ ಕೂಸಿನ ಕಣ್ಣಿನ ಮಟ್ಟಕ್ಕೆ ಬರಲಿ. ‘ನಗು, ನಗು’ ಅನ್ನಬೇಡಿ. ಕಣ್ಣು ಮುಚ್ಚಿಸಿ, ಒಂದು ಎರಡು ಮೂರು ಎಣಿಸಿ, ತೆರೆ ಅನ್ನಿ. ತೆರೆದ ಆ ಕ್ಷಣಕ್ಕೆ ಒತ್ತಿ. ಹತ್ತು ನಿಮಿಷ ಸಾಕು. ಕಲ್ಲು ಕಾದಿರುತ್ತದೆ, ಬರಿಗಾಲಲ್ಲಿ ನಿಲ್ಲಿಸಬೇಡಿ.

ಪ್ರಶ್ನೆ: ಡಿಎಸ್‌ಎಲ್‌ಆರ್ ತಗೊಂಡಿದ್ದೇನೆ. ಹಗಲು ಹೊತ್ತಿನಲ್ಲಿ ಫ್ಲ್ಯಾಷ್ ಹಾಕು ಅಂತ ಗೆಳೆಯ ಹೇಳುತ್ತಾನೆ. ತಮಾಷೆಯೋ?
– ಸಿಂಧನೂರಿನಿಂದ

ಉತ್ತರ: ತಮಾಷೆಯಲ್ಲ. ಆದರೆ ಆ ಪುಟ್ಟ ಫ್ಲ್ಯಾಷಿಗೆ ಎದುರಾಳಿ ಸಿಂಧನೂರಿನ ಬಿಸಿಲು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಶಟರ್ (ಬೆಳಕು ಒಳಬಿಡುವ ಹೊತ್ತು) ಸೆಕೆಂಡಿನ 1/200 ಇಟ್ಟರೆ ಅಪರ್ಚರ್, ಅಂದರೆ ಲೆನ್ಸಿನ ಕಂಡಿ, ಎಫ್/11ರ ಆಸುಪಾಸಿಗೆ ಕಿರಿದಾಗಬೇಕಾಗುತ್ತದೆ. ಬಹಳಷ್ಟು ಕ್ಯಾಮೆರಾಗಳಲ್ಲಿ ಫ್ಲ್ಯಾಷ್ ಜೊತೆ ಶಟರ್ 1/200, 1/250 ದಾಟುವುದಿಲ್ಲ. ಎಫ್/11ರಷ್ಟು ಕಿರಿದಾದ ಕಂಡಿಯಲ್ಲಿ ಆ ಫ್ಲ್ಯಾಷಿನ ಬೆಳಕು ಒಂದು, ಒಂದೂವರೆ ಮೀಟರಿಗೆ ಸೋಲುತ್ತದೆ. ಹಾಗಾಗಿ ಕೂಸನ್ನು ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿ ಹತ್ತಿರ ಹೋಗಿ, ಫ್ಲ್ಯಾಷ್ ಒಂದು ಸ್ಟಾಪ್ (ಅಂದರೆ ಅರ್ಧಕ್ಕೆ) ಇಳಿಸಿ ಹೊಡೆಯಿರಿ. ಓಡುವ ಮಗುವಾದರೆ ಫ್ಲ್ಯಾಷ್ ಮರೆತು ನೆರಳಿಗೆ ಹೋಗಿ, ಶಟರ್ 1/500.

ಪ್ರಶ್ನೆ: ಮಗ ಸ್ವಲ್ಪ ಕಪ್ಪು. ಪ್ರಿಂಟಿನಲ್ಲಿ ಬೆಳ್ಳಗೆ ಬರಲು ಎಕ್ಸ್‌ಪೋಶರ್ (ಫೋಟೊಕ್ಕೆ ಬೀಳುವ ಬೆಳಕು) ಎಷ್ಟು ಏರಿಸಬೇಕು?
– ರಾಯಚೂರಿನಿಂದ

ಉತ್ತರ: ಸೊನ್ನೆ. ಬಾಗಿಲ ಬೆಳಕಲ್ಲಿ ತೆಗೆದು ಒಂದು ಪ್ರಿಂಟ್ ಹಾಕಿಸಿ ನೋಡ್ರಿ. ಆಮೇಲೂ ಬಿಳಿ ಮಾಡಿ ಅಂದ್ರೆ ನಮ್ಮ ಸ್ಟುಡಿಯೊದಾಗ ಆ ಕೆಲಸ ಮಾಡಾಂಗಿಲ್ಲ.