ಅಬರ್ಡೀನಿನ ವಾರ್ಡಿನಲ್ಲಿ ಕೇಳುವ ಇಂಗ್ಲಿಷ್

ಹಾಸನದಿಂದ ಸ್ಕಾಟ್ಲೆಂಡಿನ ಅಬರ್ಡೀನಿನ ಆಸ್ಪತ್ರೆಗೆ ನರ್ಸ್ ಆಗಿ ಬರಲಿರುವ ನೀವು, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಪಾಸಾದವರಿಗೂ ಇಲ್ಲಿನ ಇಂಗ್ಲಿಷ್ ಅರ್ಥವಾಗುವುದಿಲ್ಲವಂತೆ, ನಿಜವೇ ಎಂದು ಕೇಳಿದ್ದೀರಿ. ನಿಜವೇ. ಬಾಡಿಗೆ ಮತ್ತು ಚಳಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ: ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಮನೆ ಮಾಡಿ, ಕೋಟನ್ನು ಇಲ್ಲಿಗೆ ಬಂದ ಮೇಲೆ ಕೊಳ್ಳಿ.

ನಾನು ಬಂದ ಹೊಸದರಲ್ಲಿ ಪೀಟರ್‌ಹೆಡ್ ಕಡೆಯ ವೃದ್ಧ ಮೀನುಗಾರರೊಬ್ಬರು ಮಲಗಿದ್ದಲ್ಲಿಂದಲೇ ‘ಫಿಟ್ ಲೈಕ್, ಕ್ವೈನ್?’ ಎಂದಾಗ, ಏನು ಹೇಳಬೇಕೆಂದು ತೋಚದೆ ಅವರ ಚಾರ್ಟನ್ನೇ ನೋಡುತ್ತ ನಿಂತಿದ್ದೆ. ಹೇಗಿದ್ದೀಯಮ್ಮ ಎಂದು ಕೇಳಿದ್ದರು, ಅಷ್ಟೇ. ಹುಡುಗಿಗೆ ಕ್ವೈನ್, ಹುಡುಗನಿಗೆ ಲೂನ್. ಡೋರಿಕ್ ಎಂದು ಕರೆಯುವ ಈ ಮಾತು, ಇಂಗ್ಲಿಷಿಗೆ ಹತ್ತಿರದ ನಂಟಿರುವ ಸ್ಕಾಟ್ಸ್ ಭಾಷೆಯ ಈಶಾನ್ಯ ಸೀಮೆಯ ರೂಪ; ವಾಟ್, ವೇರ್, ವೆನ್ ಇಲ್ಲಿ ಫಿಟ್, ಫಾರ್, ಫ್ಯಾನ್ ಆಗುತ್ತವೆ. ಹಳಗನ್ನಡದ ‘ಪಾಲ್’ ‘ಹಾಲು’ ಆದದ್ದನ್ನು ಶಾಲೆಯಲ್ಲಿ ಓದಿದ ನಮಗೆ ಇದು ಅಷ್ಟೇನೂ ವಿಚಿತ್ರವಲ್ಲ. ಇದನ್ನು ಕೆಟ್ಟ ಇಂಗ್ಲಿಷ್ ಎಂದು ಯಾರಾದರೂ ನಕ್ಕರೆ ಈಗ ನನಗೇ ಸಿಟ್ಟು ಬರುತ್ತದೆ; ಸ್ಕಾಟ್ಲೆಂಡಿನ 2025ರ ಕಾಯ್ದೆಯು ಸ್ಕಾಟ್ಸ್‌ಗೆ ಅಧಿಕೃತ ಸ್ಥಾನವನ್ನೇ ನೀಡಿದೆ.

ನಿಮಗೆ ಮೊದಲು ಬೇಕಾಗುವುದು ದೇಹದ ಹೆಸರುಗಳು. ಕಿವಿಗೆ ಲಗ್, ಕಂಕುಳಿಗೆ ಆಕ್ಸ್ಟರ್, ಗಂಟಲಿಗೆ ಥ್ರಾಪಲ್, ಹೊಟ್ಟೆಗೆ ವೈಮ್, ಕೆಮ್ಮಿಗೆ ಹೋಸ್ಟ್ ಎನ್ನುತ್ತಾರೆ, ನೋಯುವುದೆಲ್ಲ ‘ಸೇರ್’. ಮುದುಕರ ಬಾಯಲ್ಲಿ ಇವು ಹೆಚ್ಚು, ಹುಡುಗರಲ್ಲಿ ಕಡಿಮೆ. ‘ಬ್ಯಾಕ್ ಆಫ್ ಸೆವೆನ್’ ಎಂದರೆ ಏಳು ಹೊಡೆದ ಸ್ವಲ್ಪ ಹೊತ್ತಿಗೆ. ಕಚೇರಿಯ ಪತ್ರಗಳಲ್ಲಿ ‘ಔಟ್‌ವಿತ್’ ಎಂದು ಕಂಡರೆ ಅಚ್ಚಿನ ದೋಷವೆಂದು ತಿಳಿಯಬೇಡಿ. ಸ್ಕಾಟ್ಲೆಂಡಿನಲ್ಲಿ ‘ಹೊರಗೆ’, ‘ಆಚೆಗೆ’ ಎನ್ನುವುದನ್ನು ಹಾಗೆಯೇ ಬರೆಯುತ್ತಾರೆ.

ಇವೆಲ್ಲ ಕೇಳಿ ಕೇಳಿ ಬಂದುಬಿಡುತ್ತವೆ. ನನಗೆ ಕಷ್ಟವಾದದ್ದು ತಕ್ಷಣ ಅರ್ಥವಾಗುವಂಥ ಮಾತು: ‘ನೇ ಬ್ಯಾಡ್’, ಅಂದರೆ ಪರವಾಗಿಲ್ಲ. ನಮ್ಮ ಕಡೆಯ ವಾರ್ಡಿನಲ್ಲಿ ರೋಗಿ ಒಬ್ಬರಾದರೆ ನೋವನ್ನು ಬಣ್ಣಿಸುವ ನೆಂಟರು ನಾಲ್ವರಿರುತ್ತಾರೆ. ಇಲ್ಲಿನ ಹಳ್ಳಿಗಾಡಿನ ಹಿರಿಯರು ನರಳುವುದನ್ನೇ ಅಸಭ್ಯವೆಂದು ತಿಳಿದವರು. ಸೊಂಟದ ಮೂಳೆ ಮುರಿದಿದ್ದ ಅಜ್ಜಿಯೊಬ್ಬರು ಕೇಳಿದಾಗಲೆಲ್ಲ ‘ನೇ ಬ್ಯಾಡ್’ ಎನ್ನುತ್ತಿದ್ದರು. ಮಂಚದ ಕಂಬಿಯನ್ನು ಹಿಡಿದಿದ್ದ ಅವರ ಬೆರಳ ಗಿಣ್ಣುಗಳು ಬಿಳಿಚಿಕೊಂಡಿದ್ದನ್ನು ಕಂಡು, ಈ ಸೀಮೆಯವರೇ ಆದ ಹಿರಿಯ ನರ್ಸ್ ಒಬ್ಬರು ಮಾತಿಲ್ಲದೆ ಹೋಗಿ ನೋವಿನ ಮದ್ದಿಗೆ ವ್ಯವಸ್ಥೆ ಮಾಡಿದರು. ಅಲ್ಲಿಯವರೆಗೆ ಆ ಜೀವ ಸುಮ್ಮನೆ ಸಹಿಸಿಕೊಂಡಿತಲ್ಲ ಎಂಬ ಸಂಕಟ ನನ್ನಲ್ಲಿ ಇನ್ನೂ ಇದೆ.

ಆದ್ದರಿಂದ ಹೇಗಿದ್ದೀರಿ ಎಂದು ಕೇಳಿ ಮುಂದಿನ ಹಾಸಿಗೆಗೆ ಹೋಗಬೇಡಿ. ದೀರ್ಘವಾಗಿ ಉಸಿರೆಳೆಯಲು, ಆಗುವಂತಿದ್ದರೆ ಮಗ್ಗುಲು ಬದಲಿಸಲು ಹೇಳಿ, ಆಗ ಅವರ ಮುಖ ನೋಡಿ, ನೋವು ಹತ್ತರಲ್ಲಿ ಎಷ್ಟು ಎಂದು ಅನಂತರ ಕೇಳಿ. ಎರಡು ಎಂದು ಹೇಳಿ ಹಲ್ಲು ಕಚ್ಚಿದರೆ, ಆ ಎರಡನ್ನೂ ಕಚ್ಚಿದ ಹಲ್ಲನ್ನೂ ನೋಟ್ಸಿನಲ್ಲಿ ಬರೆಯಿರಿ.